ಹನ್ನೊಂದು ವರಸೆಯ ಗೋಡೆ: ಪೋನ ಕತೆಯಲ್ಲಿ ವ್ಯಂಗ್ಯ ಮತ್ತು ಸೇಡನ್ನು ಓದುವ ಬಗೆ

ಎಡ್ಗರ್ ಅಲನ್ ಪೋ ಬರೆದ 'ದಿ ಕ್ಯಾಸ್ಕ್ ಆಫ್ ಅಮೊಂಟಿಲ್ಲಾಡೋ' ಓದಿ ಮುಗಿಸಿದವರು ಮೊದಲು ಕೇಳುವುದು ಒಂದೇ ಪ್ರಶ್ನೆ. ಅಷ್ಟಕ್ಕೂ ಆ ಫಾರ್ಚುನಾಟೊ ಮಾಡಿದ್ದೇನು? ಜೀವಂತವಾಗಿ ಗೋಡೆಯೊಳಗೆ ಮುಚ್ಚಿಬಿಡುವಷ್ಟು ದೊಡ್ಡ ತಪ್ಪು ಏನಿತ್ತು? ಕತೆಯನ್ನು ಎಷ್ಟು ಸಲ ತಿರುವಿದರೂ ಉತ್ತರ ಸಿಗುವುದಿಲ್ಲ. ನಾನೂ ಡಿಗ್ರಿಯಲ್ಲಿದ್ದಾಗ ಹುಡುಕಿ ಹುಡುಕಿ ಸೋತಿದ್ದೆ. ಉತ್ತರ ಇಲ್ಲದಿರುವುದೇ ಈ ಕತೆಯ ಬೀಗದ ಕೈ ಅಂತ ತಿಳಿಯಲು ಇನ್ನೂ ನಾಲ್ಕೈದು ಓದು ಬೇಕಾಯಿತು.

ಈ ಬರಹ ಆ ಓದುಗಳಿಂದ ಬಂದದ್ದು. ಕತೆಯನ್ನು ಪಾಠಕ್ಕಾಗಿ ಓದುವವರಿಗೂ, ಸುಮ್ನೆ ಇಷ್ಟಕ್ಕೆ ಓದುವವರಿಗೂ ದಾರಿ ಒಂದೇ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೆಳಗೆ ಕತೆಯ ಕೊನೆಯ ತನಕ ಎಲ್ಲ ಬರುತ್ತದೆ. ಇನ್ನೂ ಓದಿಲ್ಲದಿದ್ದರೆ ಇಲ್ಲೇ ನಿಲ್ಲಿಸಿ, ಓದಿ ಬನ್ನಿ. ಅರ್ಧ ಗಂಟೆ ಸಾಕು.

ಹೆಜ್ಜೆ 1: ಒಂದೇ ಸಲ ಕೂತು ಓದಿ, ಗುರುತು ಹಾಕಬೇಡಿ

ಕತೆ ಅಚ್ಚಾಗಿದ್ದು 1846ರ ನವೆಂಬರ್‌ನಲ್ಲಿ, ಅಮೆರಿಕದ 'ಗೋಡೀಸ್ ಲೇಡೀಸ್ ಬುಕ್' ಅನ್ನುವ ಮಹಿಳಾ ಪತ್ರಿಕೆಯಲ್ಲಿ. ಸಣ್ಣ ಕತೆಯನ್ನು ಒಂದೇ ಕೂರಿಕೆಯಲ್ಲಿ ಓದಬೇಕು, ಆಗಲೇ ಅದರ ಪರಿಣಾಮ ಒಡೆಯದೆ ಉಳಿಯುತ್ತದೆ ಅಂತ ಪೋ 1842ರಲ್ಲೇ ಬರೆದಿದ್ದ. ಅವನ ಮಾತಿಗೆ ಬೆಲೆ ಕೊಡಿ. ಮೊದಲ ಓದಿನಲ್ಲಿ ಪೆನ್ಸಿಲ್ ಬೇಡ, ಡಿಕ್ಷನರಿಯೂ ಬೇಡ.

ಆದರೆ ನಾಲ್ಕು ವಿಷಯ ಮೊದಲೇ ಗೊತ್ತಿದ್ದರೆ ಎಡವುವುದಿಲ್ಲ. ಅಮೊಂಟಿಲ್ಲಾಡೋ ಅಂದರೆ ಸ್ಪೇನಿನ ಒಂದು ವೈನ್, ಶೆರ್ರಿಯದೇ ಒಂದು ಬಗೆ. ಕಾರ್ನಿವಲ್ ಅಂದರೆ ಕ್ರೈಸ್ತರ ಉಪವಾಸದ ದಿನಗಳು ಶುರುವಾಗುವ ಮುಂಚಿನ ಹಬ್ಬ. ಕುಡಿತ, ಕುಣಿತ, ವೇಷ ಎಲ್ಲಕ್ಕೂ ಅಲ್ಲಿ ಜಾಗ ಇದೆ. ಕ್ಯಾಟಕೂಂಬ್ ಅಂದರೆ ನೆಲದಡಿಯ ಗೋರಿಗಳ ಜಾಗ. ಈ ಕತೆಯಲ್ಲಿ ಹೆಣದ ಮೂಳೆಗಳೂ ವೈನ್ ಪೀಪಾಯಿಗಳೂ ಒಂದೇ ಕಡೆ ಇವೆ. ಇನ್ನು ಮಾತುಮಾತಿಗೆ ಬರುವ ನೈಟರ್ ಅಂದರೆ ಪೆಟ್ಲುಪ್ಪು. ಹಳೇ ಮನೆಯ ತೇವದ ಗೋಡೆಯಲ್ಲಿ ಬಿಳಿ ಉಪ್ಪು ಹೂವಿನ ಹಾಗೆ ಮೂಡುತ್ತದಲ್ಲ, ಅಂಥದ್ದೇ.

ಕತೆ ಇಷ್ಟು. ಇಟಲಿಯ ಯಾವುದೋ ಊರು, ಹೆಸರಿಲ್ಲ. ಮಾಂಟ್ರೆಸರ್ ಅನ್ನುವವನಿಗೆ ಫಾರ್ಚುನಾಟೊ ಮೇಲೆ ಹಗೆ. ಕಾರ್ನಿವಲ್ಲಿನ ಒಂದು ಸಂಜೆ ಫಾರ್ಚುನಾಟೊ ಬೀದಿಯಲ್ಲಿ ಎದುರಾಗುತ್ತಾನೆ. ಚೆನ್ನಾಗಿ ಕುಡಿದಿದ್ದಾನೆ. 'ಒಂದು ಪೀಪಾಯಿ ಅಮೊಂಟಿಲ್ಲಾಡೋ ಕೊಂಡಿದ್ದೇನೆ, ಅಸಲಿಯೋ ನಕಲಿಯೋ ಗೊತ್ತಿಲ್ಲ' ಅಂತ ಮಾಂಟ್ರೆಸರ್ ಆಸೆ ಹುಟ್ಟಿಸುತ್ತಾನೆ. ನೆಲಮಾಳಿಗೆಗೆ ಕರೆದುಕೊಂಡು ಹೋಗುತ್ತಾನೆ. ಗೂಡಿನಂಥ ಒಂದು ಸಂದಿನಲ್ಲಿ ಸರಪಳಿಗೆ ಕಟ್ಟಿ ಗೋಡೆ ಎಬ್ಬಿಸುತ್ತಾನೆ. ಐವತ್ತು ವರ್ಷ ಕಳೆದ ಮೇಲೆ ಇದನ್ನೆಲ್ಲ ಯಾರಿಗೋ ಹೇಳುತ್ತಿದ್ದಾನೆ.

ಹೆಜ್ಜೆ 2: ಮೊದಲ ಪ್ಯಾರಾ ನಿಮ್ಮ ಮಾತಿನಲ್ಲಿ ಬರೆದುಕೊಳ್ಳಿ

ಎರಡನೇ ಓದಿಗೆ ಪೆನ್ಸಿಲ್ ಹಿಡಿಯಿರಿ. ಮೊದಲ ಪ್ಯಾರಾದಲ್ಲೇ ಪೋ ಎಲ್ಲ ಇಟ್ಟಿದ್ದಾನೆ. ಮಾಂಟ್ರೆಸರ್ ಹೇಳುವುದು ಹೀಗೆ: ಫಾರ್ಚುನಾಟೊ ಕೊಟ್ಟ ಸಾವಿರ ನೋವನ್ನು ಸಹಿಸಿಕೊಂಡೆ, ಆದರೆ ಅವಮಾನಕ್ಕೆ ಕೈ ಹಾಕಿದಾಗ ಸೇಡು ತೀರಿಸುತ್ತೇನೆ ಅಂತ ಪಣ ತೊಟ್ಟೆ.

ಇಲ್ಲಿ ನಿಂತು ನೋಡಿ. 'ಸಾವಿರ' ಅನ್ನುವ ಲೆಕ್ಕ ಇದೆ, ಒಂದೇ ಒಂದು ಉದಾಹರಣೆ ಇಲ್ಲ. ಅವಮಾನ ಯಾವುದು, ಎಲ್ಲಿ, ಯಾರೆದುರು, ಒಂದೂ ಇಲ್ಲ. ನಮ್ಮ ನಡುವೆಯೂ ಹೀಗೆ ಮಾತಾಡುವವರು ಇರುತ್ತಾರೆ. 'ಅವನು ನನಗೆ ಎಷ್ಟು ಮಾಡಿದ್ದಾನೆ ಗೊತ್ತಾ' ಅನ್ನುತ್ತಾರೆ. ಏನು ಮಾಡಿದ ಅಂತ ಕೇಳಿದರೆ ಮಾತು ಬೇರೆ ಕಡೆ ತಿರುಗುತ್ತದೆ. ಅಂಥವರ ಮಾತನ್ನು ನಾವು ಪೂರ್ತಿ ನಂಬುವುದಿಲ್ಲ, ಅಲ್ವಾ? ಇಲ್ಲೂ ನಂಬಬೇಡಿ. ಕತೆಯಲ್ಲಿ ನಮಗೆ ಕೇಳಿಸುವುದು ಕೊಂದವನ ಬಾಯಿಂದ ಬಂದದ್ದು ಮಾತ್ರ.

ಅದೇ ಪ್ಯಾರಾದಲ್ಲಿ ಸೇಡಿಗೆ ಅವನು ಎರಡು ಶರತ್ತು ಹಾಕುತ್ತಾನೆ. ಇವನ್ನು ದೊಡ್ಡದಾಗಿ ಬರೆದಿಡಿ, ಆಮೇಲೆ ಬೇಕಾಗುತ್ತವೆ.

ಒಂದು, ಸೇಡು ತೀರಿಸಿದವನಿಗೆ ಶಿಕ್ಷೆ ಆಗಬಾರದು. ಶಿಕ್ಷೆ ಆಗಿಬಿಟ್ಟರೆ ಅದು ಸೇಡೇ ಅಲ್ಲ.

ಎರಡು, ತಪ್ಪು ಮಾಡಿದವನಿಗೆ ತಾನು ಯಾರ ಕೈಯಲ್ಲಿ ಸಿಕ್ಕೆ, ಇದು ಸೇಡು ಅನ್ನುವುದು ಅರಿವಾಗಬೇಕು. ಆಗದಿದ್ದರೆ ಅದೂ ಸೇಡಲ್ಲ.

ಇನ್ನೊಂದು ಪದಕ್ಕೆ ಗೆರೆ ಎಳೆಯಿರಿ. 'ನೀವು'. ನನ್ನ ಆತ್ಮದ ಸ್ವಭಾವ ಚೆನ್ನಾಗಿ ಬಲ್ಲ ನೀವು, ಅಂತ ಯಾರನ್ನೋ ಉದ್ದೇಶಿಸಿ ಹೇಳುತ್ತಾನೆ. ಯಾರದು? ಸಾಯುವ ಹೊತ್ತಿಗೆ ತಪ್ಪೊಪ್ಪಿಗೆ ಕೇಳಲು ಬಂದ ಪಾದ್ರಿ ಅಂತ ತುಂಬ ಜನ ಓದುತ್ತಾರೆ. ಕತೆ ಅದನ್ನು ಹೇಳಿಲ್ಲ. ಆದರೂ ಎದುರಿಗೆ ಒಬ್ಬರು ಕೂತಿದ್ದಾರೆ ಅನ್ನುವುದನ್ನು ಮರೆಯಬೇಡಿ.

ಹೆಜ್ಜೆ 3: 'ವ್ಯಂಗ್ಯ' ಅನ್ನುವ ಪದವನ್ನು ಮೊದಲು ಬಿಡಿಸಿಕೊಳ್ಳಿ

ಕನ್ನಡದಲ್ಲಿ ಓದುವ ನಮಗೆ ಇಲ್ಲೊಂದು ತೊಡಕಿದೆ. ಐರನಿಗೆ ನಾವು ವ್ಯಂಗ್ಯ ಅನ್ನುತ್ತೇವೆ. ಮನೆಮಾತಿನಲ್ಲಿ ವ್ಯಂಗ್ಯ ಅಂದರೆ ಚುಚ್ಚುಮಾತು, ಕೊಂಕು. ಎದುರಿನವನಿಗೆ ನಾಟಲಿ ಅಂತಲೇ ಆಡುವ ಮಾತು ಅದು. ಮಾಂಟ್ರೆಸರ್ ಆಡುವುದು ಅದಲ್ಲ. ಅವನ ಮಾತು ಫಾರ್ಚುನಾಟೊಗೆ ನಾಟಿದರೆ ಕೆಲಸ ಕೆಟ್ಟಿತು. ಅವನಿಗೆ ಅರ್ಥವಾಗಬಾರದು, ತನಗೆ ಮಾತ್ರ ಆಗಬೇಕು. ನಮ್ಮ ಹಳೆಯ ಕಾವ್ಯಮೀಮಾಂಸೆಯಲ್ಲಿ ವ್ಯಂಗ್ಯ ಅಂದರೆ ಮಾತಿನ ಹಿಂದಿನಿಂದ ಹೊಳೆಯುವ ಅರ್ಥ. ಈ ಕತೆಗೆ ಆ ಹಳೆಯ ಅರ್ಥವೇ ಹೆಚ್ಚು ಹೊಂದುತ್ತದೆ.

ಪಾಠಗಳಲ್ಲಿ ಮೂರು ಬಗೆ ಹೇಳುತ್ತಾರೆ. ಆಡುವುದೊಂದು, ಅರ್ಥ ಇನ್ನೊಂದು ಆದರೆ ಮಾತಿನ ವ್ಯಂಗ್ಯ. ಓದುವ ನಮಗೆ ಗೊತ್ತಿದ್ದು ಪಾತ್ರಕ್ಕೆ ಗೊತ್ತಿಲ್ಲದಿದ್ದರೆ ನಾಟಕದ ವ್ಯಂಗ್ಯ. ಆಗಬೇಕಾದ್ದಕ್ಕೆ ತಿರುಗಾಮುರುಗಾ ಆದರೆ ಸನ್ನಿವೇಶದ ವ್ಯಂಗ್ಯ. ಹೆಸರು ನೆನಪಿಟ್ಟುಕೊಂಡರೆ ಸಾಕು, ಅದರಲ್ಲೇ ಮುಳುಗಬೇಡಿ. ಈ ಕತೆಯಲ್ಲಿ ಒಂದೇ ಮಾತಿನಲ್ಲಿ ಎರಡು ಬಗೆ, ಕೆಲವು ಸಲ ಮೂರೂ ಇರುತ್ತವೆ.

ಕೆಲಸ ಮಾಡುವ ವಿಧಾನ ಇದು. ಹಾಳೆಯ ಮಧ್ಯೆ ಗೆರೆ ಎಳೆಯಿರಿ. ಎಡಗಡೆ 'ಬಾಯಲ್ಲಿ ಬಂದದ್ದು', ಬಲಗಡೆ 'ನನಗೆ ಗೊತ್ತಿರುವುದು'. ಮಾಂಟ್ರೆಸರ್ ಆಡುವ ಒಂದೊಂದು ಮಾತನ್ನೂ ಎಡಗಡೆ ಇಳಿಸುತ್ತ ಹೋಗಿ.

ಕೆಮ್ಮಿನ ಪ್ರಸಂಗ ತಗೊಳ್ಳಿ. ನೆಲಮಾಳಿಗೆಯ ಗಾಳಿಗೆ ಫಾರ್ಚುನಾಟೊ ಒಂದೇ ಸಮನೆ ಕೆಮ್ಮುತ್ತಾನೆ. 'ವಾಪಸ್ ಹೋಗೋಣ, ನಿಮ್ಮ ಆರೋಗ್ಯ ಮುಖ್ಯ' ಅನ್ನುತ್ತಾನೆ ಮಾಂಟ್ರೆಸರ್. 'ಕೆಮ್ಮಿನಿಂದ ನಾನು ಸಾಯಲ್ಲ ಬಿಡಿ' ಅನ್ನುವುದು ಅವನ ಉತ್ತರ. ಆಗ ಮಾಂಟ್ರೆಸರ್ ಹೇಳುವುದು 'ನಿಜ, ನಿಜ' ಅಂತ ಅಷ್ಟೇ. ಎಡಗಡೆ ಎರಡು ಪುಟ್ಟ ಪದ. ಬಲಗಡೆ ಬರೆಯಲು ಹೋದರೆ ಕೈ ನಡುಗುತ್ತದೆ. ಅವನು ಸುಳ್ಳು ಹೇಳಿಲ್ಲ. ಇವನು ಕೆಮ್ಮಿನಿಂದ ಸಾಯುವುದಿಲ್ಲ ಅನ್ನುವುದು ಅವನಿಗೆ ಪಕ್ಕಾ ಗೊತ್ತಿದೆ.

ಈ ಕತೆಯ ವ್ಯಂಗ್ಯದ ಗುಟ್ಟು ಇದೇ ಅನಿಸುತ್ತದೆ ನನಗೆ. ಪೀಪಾಯಿಯ ಸುಳ್ಳೊಂದನ್ನು ಬಿಟ್ಟರೆ ಮಾಂಟ್ರೆಸರ್ ಜಾಸ್ತಿ ನಿಜವನ್ನೇ ಆಡುತ್ತಾನೆ. 'ನೀವು ಇಲ್ಲವಾದರೆ ಜನಕ್ಕೆ ನಷ್ಟ' ಅನ್ನುವುದೂ ನಿಜ. ಫಾರ್ಚುನಾಟೊ ವೈನ್ ಎತ್ತಿ 'ಸುತ್ತ ಮಲಗಿರುವ ಹಿರಿಯರ ಹೆಸರಿಗೆ' ಅಂತ ಕುಡಿದಾಗ ಇವನು 'ನಿಮ್ಮ ದೀರ್ಘಾಯುಷ್ಯಕ್ಕೆ' ಅನ್ನುತ್ತಾನೆ. ಆಮೇಲೆ ಕೊಡುವ ಬಾಟಲಿಯ ಹೆಸರು 'ಡಿ ಗ್ರೇವ್'. ಫ್ರಾನ್ಸಿನ ವೈನ್ ಅದು, ಇಂಗ್ಲಿಷ್ ಕಿವಿಗೆ ಮಾತ್ರ ಗೋರಿ ಅಂತ ಕೇಳಿಸುತ್ತದೆ. ಕಂಕುಳಲ್ಲಿ ದೊಣ್ಣೆ, ಕೈಯಲ್ಲಿ ಶರಣಾರ್ಥಿ ಅಂತ ನಮ್ಮಲ್ಲಿ ಗಾದೆ ಇದೆ. ಇವನ ಕಂಕುಳಲ್ಲಿದ್ದದ್ದು ದೊಣ್ಣೆಯಲ್ಲ, ಕರಣೆ.

ಹೌದು, ಗಾರೆ ಕೆಲಸದ ಕರಣೆ. ಈ ಪ್ರಸಂಗವನ್ನು ನಿಧಾನವಾಗಿ ಓದಿ. ಫಾರ್ಚುನಾಟೊ ಬಾಟಲಿಯನ್ನು ಮೇಲಕ್ಕೆಸೆದು ವಿಚಿತ್ರವಾಗಿ ಕೈ ಆಡಿಸುತ್ತಾನೆ. ಮಾಂಟ್ರೆಸರ್‌ಗೆ ಅರ್ಥವಾಗುವುದಿಲ್ಲ. 'ಹಾಗಾದರೆ ನೀವು ಮೇಸನ್ ಅಲ್ಲ' ಅನ್ನುತ್ತಾನೆ ಫಾರ್ಚುನಾಟೊ. ಅವನು ಹೇಳುತ್ತಿರುವುದು ಫ್ರೀಮೇಸನ್ ಅನ್ನುವ ಗುಟ್ಟಿನ ಸಂಘದ ಬಗ್ಗೆ, ಇಂಗ್ಲಿಷಿನಲ್ಲಿ ಮೇಸನ್ ಅಂದರೆ ಗಾರೆಯವನೂ ಹೌದು. 'ನಾನೂ ಮೇಸನ್ನೇ' ಅನ್ನುತ್ತಾನೆ ಮಾಂಟ್ರೆಸರ್. 'ಗುರುತು ತೋರಿಸಿ' ಅಂದಾಗ ನಿಲುವಂಗಿಯ ಮಡಿಕೆಯಿಂದ ಕರಣೆ ತೆಗೆದು ತೋರಿಸುತ್ತಾನೆ. ಕೊಲ್ಲುವ ಆಯುಧವನ್ನು ಸಾಯುವವನ ಕಣ್ಣೆದುರೇ ಹಿಡಿದಿದ್ದಾನೆ. ಫಾರ್ಚುನಾಟೊ ಒಂದೆರಡು ಹೆಜ್ಜೆ ಹಿಂದೆ ಸರಿಯುತ್ತಾನೆ, 'ತಮಾಷೆ ಮಾಡ್ತೀರಿ' ಅನ್ನುತ್ತಾನೆ, ನಡೆಯಿರಿ ಮುಂದೆ ಅನ್ನುತ್ತಾನೆ.

ಆ ಒಂದೆರಡು ಹೆಜ್ಜೆ ನನ್ನನ್ನು ಪ್ರತಿ ಸಲವೂ ಕಾಡುತ್ತದೆ. ಮೈಗೆ ಗೊತ್ತಾಯಿತು, ಮನಸ್ಸಿಗೆ ಗೊತ್ತಾಗಲಿಲ್ಲ.

ಹೆಜ್ಜೆ 4: ಮಾತು ಬಿಟ್ಟು ಸಾಮಾನುಗಳನ್ನು ನೋಡಿ

ವ್ಯಂಗ್ಯ ಬರೀ ಮಾತಿನಲ್ಲಿಲ್ಲ. ಹೆಸರಿನಿಂದಲೇ ಶುರು ಮಾಡಿ. ಫಾರ್ಚುನಾಟೊ ಅಂದರೆ ಇಟಾಲಿಯನ್ನಿನಲ್ಲಿ ಅದೃಷ್ಟವಂತ. ಅವನು ಹಾಕಿರುವುದು ಕೋಡಂಗಿ ವೇಷ, ಬಣ್ಣದ ಪಟ್ಟೆಯ ಬಟ್ಟೆ, ಚೂಪು ಟೋಪಿಗೆ ಗೆಜ್ಜೆ. ವೈನ್ ಬಗ್ಗೆ ತನ್ನಷ್ಟು ತಿಳಿದವರಿಲ್ಲ ಅಂತ ಅವನ ಹೆಮ್ಮೆ. ಲುಕೇಸಿ ಅನ್ನುವ ಇನ್ನೊಬ್ಬ ಬಲ್ಲವನ ಹೆಸರೆತ್ತಿದರೆ ಸಾಕು, ಕೆರಳುತ್ತಾನೆ. 'ಅವನಿಗೆ ಶೆರ್ರಿಗೂ ಅಮೊಂಟಿಲ್ಲಾಡೋಗೂ ವ್ಯತ್ಯಾಸ ಗೊತ್ತಿಲ್ಲ' ಅನ್ನುತ್ತಾನೆ. ಅಮೊಂಟಿಲ್ಲಾಡೋ ಶೆರ್ರಿಯದೇ ಬಗೆ ಅಂತ ಮೇಲೆ ಹೇಳಿದ್ದೆನಲ್ಲ, ನೆನಪಿಸಿಕೊಳ್ಳಿ.

ಮಾಂಟ್ರೆಸರ್ ಅವನನ್ನು ಎಲ್ಲೂ ಎಳೆದುಕೊಂಡು ಹೋಗುವುದಿಲ್ಲ. ಮತ್ತೆ ಮತ್ತೆ 'ವಾಪಸ್ ಹೋಗೋಣ' ಅನ್ನುತ್ತಾನೆ. ಪ್ರತಿ ಸಲವೂ ಮುಂದೆ ಹೋಗೋಣ ಅನ್ನುವವನು ಫಾರ್ಚುನಾಟೊ. ಆಳುಗಳನ್ನು ಹೊರಗೆ ಕಳಿಸಿದ್ದೂ ಇದೇ ಉಪಾಯದಿಂದ. 'ಬೆಳಗಿನವರೆಗೂ ನಾನು ಬರಲ್ಲ, ಯಾರೂ ಮನೆ ಬಿಟ್ಟು ಕದಲಬೇಡಿ' ಅಂತ ಕಟ್ಟಪ್ಪಣೆ ಮಾಡಿ ಹೋದ. ಬೆನ್ನು ತಿರುಗಿಸಿದ ಕೂಡಲೇ ಎಲ್ಲರೂ ಹಬ್ಬಕ್ಕೆ ಓಡುತ್ತಾರೆ ಅಂತ ಅವನಿಗೆ ಗೊತ್ತಿತ್ತು. ಮನುಷ್ಯರನ್ನು ಇಷ್ಟು ಚೆನ್ನಾಗಿ ಬಲ್ಲವನು ಅವನು. ತನ್ನನ್ನು ಬಲ್ಲನೇ ಅನ್ನುವುದನ್ನು ಮುಂದೆ ನೋಡೋಣ.

ಮನೆತನದ ಲಾಂಛನವನ್ನು ಮಾತ್ರ ಬಿಡಬೇಡಿ. ನೀಲಿ ಬಯಲಿನಲ್ಲಿ ಬಂಗಾರದ ದೊಡ್ಡ ಪಾದ. ಅದು ಹಾವನ್ನು ತುಳಿಯುತ್ತಿದೆ. ಹಾವಿನ ಹಲ್ಲು ಹಿಮ್ಮಡಿಯಲ್ಲಿ ನೆಟ್ಟಿದೆ. ಕೆಳಗೆ ಲ್ಯಾಟಿನ್ ಮಾತು: ನನ್ನನ್ನು ಕೆಣಕಿದವನು ಶಿಕ್ಷೆಯಿಲ್ಲದೆ ಉಳಿಯಲಾರ. ಪೋ ಇದನ್ನು ಹುಟ್ಟಿಸಿದ್ದಲ್ಲ, ಸ್ಕಾಟ್ಲೆಂಡಿನ ರಾಜಮನೆತನದ ಧ್ಯೇಯವಾಕ್ಯ ಇದು. ಅವನನ್ನು ಸಾಕಿದ ಜಾನ್ ಅಲನ್ ಸ್ಕಾಟ್ಲೆಂಡಿನವರು.

ಈಗ ಕೇಳಿಕೊಳ್ಳಿ. ಪಾದ ಯಾರು, ಹಾವು ಯಾರು? ಮಾಂಟ್ರೆಸರ್ ತಾನು ಪಾದ ಅಂದುಕೊಂಡಿದ್ದಾನೆ. ಸದ್ದಿಲ್ಲದೆ ಹಿಂದಿನಿಂದ ಬಂದು ಕಚ್ಚುವ ಕೆಲಸ ಮಾತ್ರ ಹಾವಿನದ್ದು. ಎರಡೂ ಅವನೇ ಅಂತ ಓದಲು ಬರುತ್ತದೆ. ಆ ಚಿತ್ರದಲ್ಲಿ ಗೆದ್ದವರು ಯಾರು? ಹಾವು ಸಾಯುತ್ತಿದೆ, ಪಾದಕ್ಕೆ ವಿಷ ಏರುತ್ತಿದೆ. ಈ ಪ್ರಶ್ನೆಯನ್ನು ಕಟ್ಟಿಕೊಂಡು ಮುಂದಿನ ಹೆಜ್ಜೆಗೆ ಬನ್ನಿ.

ಹೆಜ್ಜೆ 5: ಗೋಡೆ ಏಳುವಾಗ ಕಣ್ಣಲ್ಲ, ಕಿವಿ ಕೊಡಿ

ಗೂಡಿನ ಆಳ 4 ಅಡಿ, ಅಗಲ 3 ಅಡಿ, ಎತ್ತರ 6–7 ಅಡಿ. ಕತೆ ಅಳತೆ ಸಮೇತ ಹೇಳುತ್ತದೆ. ಹಿಂಗೋಡೆಯಲ್ಲಿ ಎರಡು ಕಬ್ಬಿಣದ ಕೊಂಡಿ, ಒಂದಕ್ಕೆ ಸರಪಳಿ, ಇನ್ನೊಂದಕ್ಕೆ ಬೀಗ. ಅವನನ್ನು ಕಟ್ಟಲು ಕೆಲವೇ ಕ್ಷಣ ಸಾಕಾಗುತ್ತದೆ. ಮೂಳೆ ರಾಶಿ ಸರಿಸಿದರೆ ಅಡಿಯಲ್ಲಿ ಕಲ್ಲು, ಗಾರೆ ಮೊದಲೇ ಸಿದ್ಧ. ಇಲ್ಲಿಂದ ಮುಂದೆ ಕತ್ತಲು. ನಮಗೆ ಸಿಗುವುದು ಶಬ್ದ ಮಾತ್ರ. ಆದ್ದರಿಂದ ವರಸೆ ವರಸೆಗೆ ಶಬ್ದಗಳನ್ನು ಬರೆದುಕೊಳ್ಳಿ.

ಮೊದಲ ವರಸೆ ಮುಗಿಯುವಾಗ ಸಣ್ಣ ನರಳಾಟ. ಕುಡಿದವನ ದನಿಯಲ್ಲ ಅದು, ಅಮಲು ಇಳಿದಿದೆ. ಆಮೇಲೆ ತುಂಬ ಹೊತ್ತು ಮೌನ. ನಾಲ್ಕನೆಯದು ಮುಗಿದಾಗ ಸರಪಳಿ ಎಳೆದಾಡುವ ಸದ್ದು. ಮಾಂಟ್ರೆಸರ್ ಕೆಲಸ ನಿಲ್ಲಿಸಿ ಮೂಳೆಗಳ ಮೇಲೆ ಕೂತು ಕೇಳುತ್ತಾನೆ. ಏಳನೆಯದಕ್ಕೆ ಗೋಡೆ ಎದೆಮಟ್ಟ. ದೀಪ ಎತ್ತಿ ನೋಡಿದರೆ ಒಳಗಿನಿಂದ ಚೀರಾಟ, ಒಂದರ ಮೇಲೊಂದು.

ಇಲ್ಲಿ ನಿಲ್ಲಿ. ಮಾಂಟ್ರೆಸರ್ ನಡುಗುತ್ತಾನೆ. ಕತ್ತಿ ಹಿರಿದು ಗೂಡಿನೊಳಗೆ ತಡಕಾಡುತ್ತಾನೆ. ಗೋಡೆಯನ್ನು ಮುಟ್ಟಿ ಗಟ್ಟಿಯಾಗಿದೆ ಅಂತ ಸಮಾಧಾನ ಮಾಡಿಕೊಳ್ಳುತ್ತಾನೆ. ಆಮೇಲೆ ಅವನೂ ಕಿರುಚುತ್ತಾನೆ, ಒಳಗಿನವನಿಗಿಂತ ಜೋರಾಗಿ. ಇದನ್ನು ಕ್ರೌರ್ಯ ಅಂತ ಒಂದೇ ಮಾತಿನಲ್ಲಿ ಬರೆದು ಮುಂದೆ ಹೋಗುವವರು ಜಾಸ್ತಿ. ನನಗೆ ಅದರಲ್ಲಿ ಹೆದರಿಕೆ ಕೇಳಿಸುತ್ತದೆ. ಅಷ್ಟೊತ್ತೂ ತಣ್ಣಗಿದ್ದವನು ಮೊದಲ ಸಲ ತನ್ನ ಯೋಜನೆಯಲ್ಲಿ ಇಲ್ಲದ ಒಂದು ಕೆಲಸ ಮಾಡಿದ್ದಾನೆ.

ನಡುರಾತ್ರಿ. ಹನ್ನೊಂದನೇ ವರಸೆಯಲ್ಲಿ ಒಂದೇ ಕಲ್ಲು ಬಾಕಿ. ಒಳಗಿನಿಂದ ಮೆಲ್ಲನೆಯ ನಗು. ಒಳ್ಳೇ ತಮಾಷೆ, ಮನೆಗೆ ಹೋಗಿ ಎಲ್ಲರೂ ನಗೋಣ, ಹೊತ್ತಾಯಿತು, ಹೆಂಡತಿ ಕಾಯುತ್ತಿರುತ್ತಾಳೆ, ಅಂತೆಲ್ಲ ಅನ್ನುತ್ತಾನೆ ಫಾರ್ಚುನಾಟೊ. ಕೊನೆಗೆ ದೇವರ ಹೆಸರೆತ್ತಿ ಬೇಡಿಕೊಳ್ಳುತ್ತಾನೆ. ಮಾಂಟ್ರೆಸರ್ ಅದೇ ಮಾತನ್ನು ಅವನಿಗೇ ತಿರುಗಿ ಹೇಳುತ್ತಾನೆ.

ಆಮೇಲೆ ಉತ್ತರ ಇಲ್ಲ. ಮಾಂಟ್ರೆಸರ್ ಕಾಯುತ್ತಾನೆ. 'ಫಾರ್ಚುನಾಟೊ!' ಅಂತ ಕೂಗುತ್ತಾನೆ. ಇಲ್ಲ. ಮತ್ತೆ ಕೂಗುತ್ತಾನೆ. ಇಲ್ಲ. ಉಳಿದ ಸಂದಿನಿಂದ ದೀವಟಿಗೆ ಒಳಗೆ ಹಾಕುತ್ತಾನೆ. ಬಂದ ಸದ್ದು ಗೆಜ್ಜೆಯದ್ದು ಮಾತ್ರ.

ಮುಂದಿನ ಸಾಲು: ನನ್ನ ಎದೆ ಕೆಟ್ಟಂತಾಯಿತು. ಆಮೇಲೆ ಒಂದು ಅಡ್ಡಗೆರೆ. ಆಮೇಲೆ ಕಾರಣ, ನೆಲಮಾಳಿಗೆಯ ತೇವದಿಂದ. ಆ ಅಡ್ಡಗೆರೆಯ ಮೇಲೆ ಬೆರಳಿಡಿ. ಯಾರೂ ಕೇಳದ ಪ್ರಶ್ನೆಗೆ ಅವನು ಅಲ್ಲಿ ಉತ್ತರ ಕೊಡುತ್ತಿದ್ದಾನೆ. ತೇವ ಸಂಜೆಯಿಂದಲೂ ಇತ್ತು.

ಹೆಜ್ಜೆ 6: ಅವನ ಶರತ್ತಿನಿಂದಲೇ ಅವನ ಸೇಡನ್ನು ಅಳೆಯಿರಿ

ಹೆಜ್ಜೆ 2ರಲ್ಲಿ ಬರೆದಿಟ್ಟ ಹಾಳೆ ತೆಗೆಯಿರಿ. ಸೇಡು ಸರಿಯೋ ತಪ್ಪೋ ಅನ್ನುವ ಚರ್ಚೆ ಸದ್ಯಕ್ಕೆ ಬೇಡ. ಅವನು ತಾನೇ ಹಾಕಿಕೊಂಡ ಶರತ್ತು ಪೂರೈಸಿದನೇ, ಅಷ್ಟೇ ನೋಡಿ.

ಶಿಕ್ಷೆ ಆಗಬಾರದು ಅನ್ನುವುದು ಮೊದಲನೆಯದು. ಪೊಲೀಸರಿಲ್ಲ, ಕೋರ್ಟಿಲ್ಲ, ಐವತ್ತು ವರ್ಷ ಆ ಮೂಳೆಗಳನ್ನು ಯಾರೂ ಮುಟ್ಟಿಲ್ಲ. ಪಾಸಾದ ಹಾಗೆ ಕಾಣುತ್ತದೆ. ಆದರೆ ಐವತ್ತು ವರ್ಷದ ಮೇಲೂ ವರಸೆಗಳ ಲೆಕ್ಕ ನೆನಪಿದೆ, ಕೆಮ್ಮು ನೆನಪಿದೆ, ಗೆಜ್ಜೆ ನೆನಪಿದೆ. ಇದನ್ನು ಶಿಕ್ಷೆ ಅನ್ನಬೇಕೋ ಬೇಡವೋ, ನೀವೇ ವಾದ ಕಟ್ಟಿ.

ಎರಡನೆಯದರಲ್ಲಿ ಅವನು ಸೋತ ಅಂತ ನನ್ನ ಗಟ್ಟಿ ನಂಬಿಕೆ. ಫಾರ್ಚುನಾಟೊಗೆ ಕೊಲ್ಲುತ್ತಿರುವವನು ಯಾರು ಅಂತ ಗೊತ್ತು. ಯಾಕೆ ಅಂತ ಗೊತ್ತೇ? ಮಾಂಟ್ರೆಸರ್ ಒಂದು ಸಲವೂ 'ನೀನು ನನ್ನನ್ನು ಹೀಗೆ ಅವಮಾನಿಸಿದೆ' ಅನ್ನುವುದಿಲ್ಲ. ಕೊನೆಯ ತನಕ ಅಮೊಂಟಿಲ್ಲಾಡೋ ಅಂತಲೇ ಆಟ ಆಡುತ್ತಾನೆ. ಒಳಗಿನವನು ತಮಾಷೆ ಅಂದುಕೊಂಡಾದರೂ ನಗುತ್ತಾನೆ, ತಪ್ಪಾಯಿತು ಅನ್ನುವುದಿಲ್ಲ. ಭೀಮನ ಸೇಡನ್ನು ನೆನೆಸಿಕೊಳ್ಳಿ. ಪ್ರತಿಜ್ಞೆ ಮಾಡಿದ್ದು ತುಂಬಿದ ಸಭೆಯಲ್ಲಿ. ತೊಡೆ ಮುರಿಯುವ ಹೊತ್ತಿಗೆ ದುರ್ಯೋಧನನಿಗೆ ಕಾರಣ ಗೊತ್ತು, ಕೇಳುವ ನಮಗೂ ಗೊತ್ತು. ರನ್ನನ ಗದಾಯುದ್ಧ ಓದಿದವರು ಆ ಸೇಡನ್ನು ಒಪ್ಪಬಹುದು, ಬಿಡಬಹುದು. ಅದು ಯಾತಕ್ಕೆ ಅಂತ ಯಾರೂ ಕೇಳಬೇಕಾಗಿಲ್ಲ. ಮಾಂಟ್ರೆಸರನ ಪ್ರತಿಜ್ಞೆ ಕೇಳಿದ್ದು ಅವನೊಬ್ಬನೇ.

ಎರಡು ಸಲ ಹೆಸರು ಹಿಡಿದು ಕೂಗಿದ್ದು ಅದಕ್ಕೇ ಅಂತ ನಾನು ಓದುತ್ತೇನೆ. ಅವನಿಗೆ ಒಳಗಿನಿಂದ ಒಂದು ಮಾತು ಬೇಕಿತ್ತು. ಗೊತ್ತಾಯಿತು ಅನ್ನುವ ಮಾತು. ಅದಿಲ್ಲದೆ ಅವನ ಸೇಡು ಅವನ ಲೆಕ್ಕದಲ್ಲೇ ಮುಗಿಯುವುದಿಲ್ಲ. ಕೊಂದವನು ಸತ್ತವನ ಉತ್ತರಕ್ಕೆ ಕೈ ಚಾಚಿ ನಿಂತಿದ್ದಾನೆ, ಉತ್ತರ ಬರಲಿಲ್ಲ. ಕತೆಯ ಅತಿ ದೊಡ್ಡ ವ್ಯಂಗ್ಯ ಇರುವುದು ಇಲ್ಲಿ, ಇದು ಮಾತ್ರ ಮಾಂಟ್ರೆಸರ್ ಹೂಡಿದ್ದಲ್ಲ.

ಹೆಜ್ಜೆ 7: ಪೋನ ಬದುಕನ್ನು ಕೊನೆಗೆ ತನ್ನಿ, ಸ್ವಲ್ಪವೇ ತನ್ನಿ

1846ರಲ್ಲಿ ಪೋ, ಥಾಮಸ್ ಡನ್ ಇಂಗ್ಲಿಷ್ ಅನ್ನುವ ಲೇಖಕನೊಂದಿಗೆ ಪತ್ರಿಕೆಗಳಲ್ಲೇ ಜಗಳಕ್ಕಿಳಿದಿದ್ದ. ಆತನ ಬರಹ ಅಚ್ಚು ಮಾಡಿದ ಪತ್ರಿಕೆಯ ಮೇಲೆ ಮಾನನಷ್ಟದ ದಾವೆ ಹಾಕಿ 1847ರ ಫೆಬ್ರವರಿಯಲ್ಲಿ ಗೆದ್ದ. ಈ ಜಗಳವೇ ಕತೆಯಾಯಿತು ಅನ್ನುವ ವಿಮರ್ಶಕರಿದ್ದಾರೆ. ಇರಬಹುದು. ಆದರೆ ಉತ್ತರಪತ್ರಿಕೆಯನ್ನು ಇದರಿಂದ ಶುರು ಮಾಡಿದರೆ ಕತೆ ಕೈತಪ್ಪುತ್ತದೆ. ನನ್ನ ಮನಸ್ಸಿನಲ್ಲಿ ಉಳಿದಿರುವ ಸಂಗತಿ ಬೇರೆ. ಪೋನ ಹೆಂಡತಿ ವರ್ಜೀನಿಯಾ ಕ್ಷಯದಿಂದ ತೀರಿಕೊಂಡಿದ್ದು 1847ರ ಜನವರಿ 30ರಂದು, ಕತೆ ಅಚ್ಚಾಗಿ ಮೂರು ತಿಂಗಳೊಳಗೆ. ಕೆಮ್ಮಿನಿಂದ ನಾನು ಸಾಯಲ್ಲ ಅನ್ನುವ ಸಾಲು ಬರೆದ ಮನೆಯಲ್ಲಿ ದಿನವೂ ಆ ಕೆಮ್ಮು ಕೇಳಿಸುತ್ತಿತ್ತು.

ಹೆಜ್ಜೆ 8: ಕೊನೆಯ ಎರಡು ಮಾತನ್ನು ಕನ್ನಡಕ್ಕೆ ತಂದು ನೋಡಿ

ಇದು ನಾನು ಗೆಳೆಯರಿಗೆ ಕೊಡುವ ಅಭ್ಯಾಸ, ಹತ್ತು ನಿಮಿಷದ್ದು. ಫಾರ್ಚುನಾಟೊ ಬೇಡುವ ಮಾತು, ಮಾಂಟ್ರೆಸರ್ ತಿರುಗಿ ಹೇಳುವ ಮಾತು, ಇವೆರಡನ್ನೇ ಕನ್ನಡದಲ್ಲಿ ಬರೆಯಿರಿ. ಎರಡರಲ್ಲೂ ಪದ ಒಂದೇ ಇರಬೇಕು. ಮೊದಲನೆಯದು ಬೇಡಿಕೆ ಆಗಬೇಕು, ಎರಡನೆಯದು ಬಾಗಿಲು ಮುಚ್ಚಬೇಕು. 'ದೇವರಾಣೆ' ಅಂದರೆ ಬೇಡಿಕೆ ಸತ್ತುಹೋಗುತ್ತದೆ. 'ದಯವಿಟ್ಟು' ಅಂದರೆ ದೇವರೇ ಬರುವುದಿಲ್ಲ. ತುಂಬ ಒದ್ದಾಡಿ ನಾನು ನಿಂತದ್ದು ಇಲ್ಲಿ: 'ದೇವರ ಮುಖ ನೋಡಿಯಾದರೂ ಬಿಡು, ಮಾಂಟ್ರೆಸರ್!' 'ಹೌದು, ದೇವರ ಮುಖ ನೋಡಿ!'

ಬರೆದ ಮೇಲೆ ಇನ್ನೊಂದು ಗಮನಿಸಿದೆ. ಸಂಜೆಯೆಲ್ಲ ಅವರಿಬ್ಬರೂ ನನ್ನ ಕನ್ನಡದಲ್ಲಿ 'ನೀವು' ಅಂತಲೇ ಮಾತಾಡಿದ್ದರು. ಇಂಗ್ಲಿಷಿನಲ್ಲಿ ಇದು ಕಾಣುವುದಿಲ್ಲ, ಕನ್ನಡದಲ್ಲಿ ಮಾತ್ರ ನಾವು ಆರಿಸಲೇಬೇಕು. 'ಬಿಡಿ' ಅಂತ ಬರೆದಿದ್ದೆ, ಹೊಡೆದು ಹಾಕಿ 'ಬಿಡು' ಅಂತ ತಿದ್ದಿದೆ. ಗೋಡೆಯ ಆಚೆಯಿಂದ ಬೇಡುವವನ ಬಾಯಲ್ಲಿ ಬಹುವಚನ ನಿಲ್ಲಲಿಲ್ಲ. ಮಾಂಟ್ರೆಸರ್ ಮಾತ್ರ ಹನ್ನೊಂದನೇ ವರಸೆ ಮುಗಿಯುವ ತನಕ 'ನೀವು' ಬಿಡುವುದಿಲ್ಲ ಅನಿಸುತ್ತದೆ. ನಿಮ್ಮ ಹಾಳೆಯಲ್ಲಿ ಯಾರು, ಎಷ್ಟನೇ ವರಸೆಗೆ ಏಕವಚನಕ್ಕೆ ಇಳಿಯುತ್ತಾರೆ, ಬರೆದು ನೋಡಿ.